ಅನುಮಾನಕ್ಕೂ ಒಂದು ಸಾಲು

(ಉಡುಪಿ ಸೀಮೆಯ ಇಬ್ಬರು ಶುಶ್ರೂಷಕಿಯರ ಮಾತುಕತೆ. ಒಬ್ಬರು ವಾರ್ಡಿನಲ್ಲಿ ದುಡಿಯುವವರು, ಇನ್ನೊಬ್ಬರು ಕಾಲೇಜಿನಲ್ಲಿ ಕಲಿಸುವವರು.)

ವಾರ್ಡಿನವರು: ನರ್ಸಿಂಗ್ ವಿದ್ಯಾರ್ಥಿಗಳು ಬರೆದ ಕೇರ್ ಪ್ಲಾನುಗಳನ್ನು ಪಕ್ಕಪಕ್ಕದಲ್ಲಿಟ್ಟು ರೋಗಿಯ ಹೆಸರನ್ನು ಮುಚ್ಚಿಬಿಡಿ. ಯಾವುದು ಯಾರದೆಂದು ಹೇಳಲು ಆಗುವುದಿಲ್ಲ. ಕಾಲು ಮುರಿದವರಿಗೂ, ಹೆರಿಗೆಯಾದವರಿಗೂ, ಹೃದಯ ಸೋತವರಿಗೂ ಅದೇ ಸಾಲುಗಳು: ಆಸ್ಪತ್ರೆ ಸೇರಿದ್ದರಿಂದ ಆತಂಕ, ರೋಗದ ಬಗ್ಗೆ ತಿಳಿವಳಿಕೆಯ ಕೊರತೆ, ಸೋಂಕು ತಗಲುವ ಅಪಾಯ. ಪುಸ್ತಕ ನೋಡಿ ಬರೆದದ್ದು, ಬೋಧಕರ ಸಹಿಗಾಗಿ ಬರೆದದ್ದು. ವಾರ್ಡಿನಲ್ಲಿ ಅದನ್ನು ಯಾರೂ ಓದುವುದಿಲ್ಲ, ಡಾಕ್ಟರಂತೂ ತೆರೆದೂ ನೋಡುವುದಿಲ್ಲ. ಔಷಧ ಹೊತ್ತಿಗೆ ಸರಿಯಾಗಿ ಹೋಗಬೇಕು, ಡ್ರಿಪ್ ನಿಲ್ಲದೆ ಓಡಬೇಕು, ಮಲಗಿದಲ್ಲೇ ಇರುವವರ ಬೆನ್ನು ಹುಣ್ಣಾಗಬಾರದು. ಕೆಲಸ ಇಷ್ಟು ಸ್ಪಷ್ಟವಾಗಿರುವಾಗ ನರ್ಸಿಂಗ್ ಡಯಾಗ್ನೋಸಿಸ್ ಎಂಬ ಹೊರೆ ನಮಗೆ ಯಾಕೆ? ಡಯಾಗ್ನೋಸಿಸ್ ಮಾಡುವುದು ಡಾಕ್ಟರ ಕೆಲಸ ಎಂದು ಜನ ನಂಬಿದ್ದಾರೆ. ಅದರಲ್ಲಿ ತಪ್ಪೇನಿದೆ?

ಕಾಲೇಜಿನವರು: ಫೈಲುಗಳ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ನಕಲು ಮಾಡಿದ ಡಯಾಗ್ನೋಸಿಸ್ ಕೆಟ್ಟದ್ದು ಎಂದ ಮಾತ್ರಕ್ಕೆ ಡಯಾಗ್ನೋಸಿಸ್ಸೇ ಬೇಡ ಎಂದಾಗುವುದಿಲ್ಲ. ಡಾಕ್ಟರು ರೋಗಕ್ಕೆ ಹೆಸರಿಡುತ್ತಾರೆ. ಆ ರೋಗ ಈ ಮನುಷ್ಯನ ಬದುಕಿನಲ್ಲಿ ಏನು ಮಾಡುತ್ತಿದೆ, ಅದರಲ್ಲಿ ಯಾವುದನ್ನು ಶುಶ್ರೂಷೆಯಿಂದ ಬದಲಿಸಬಹುದು ಎಂಬುದಕ್ಕೆ ಹೆಸರಿಡುವವರು ಯಾರು? ಹೂಡೆ ಎಂಬ ಊರನ್ನೇ ತೆಗೆದುಕೊಳ್ಳಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸ್ವರ್ಣಾ ನದಿ, ನಡುವಿನ ಪಟ್ಟಿಯಲ್ಲಿ ಮನೆಗಳು. ದುಡಿಯುವ ಮಕ್ಕಳು ಕೊಲ್ಲಿ ದೇಶಗಳಲ್ಲಿದ್ದು ವಯಸ್ಸಾದವರು ಮಾತ್ರ ಊರಿನಲ್ಲಿ ಉಳಿದ ಮನೆಗಳು ಈ ಕರಾವಳಿಯಲ್ಲಿ ಬೇಕಾದಷ್ಟಿವೆ. ಅಂಥ ಮನೆಯ ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಹೃದಯದ ಬಲ ಕುಂದಿ, ಕಾಲು ಬಾತುಕೊಂಡು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂದು ಮಣಿಪಾಲಕ್ಕೆ ಬರುತ್ತಾರೆ ಎಂದಿಟ್ಟುಕೊಳ್ಳಿ. ನೀರು ಇಳಿಸುವ ಮಾತ್ರೆಯಿಂದ ಚೇತರಿಸಿಕೊಂಡು ಮನೆಗೆ ಹೋಗಿ, ಕೆಲವೇ ವಾರಗಳಲ್ಲಿ ಅದೇ ಉಬ್ಬಸದೊಂದಿಗೆ ಮರಳುತ್ತಾರೆ. ಡಾಕ್ಟರ ಡಯಾಗ್ನೋಸಿಸ್ ಎರಡು ಸಲವೂ ಒಂದೇ, ಎರಡು ಸಲವೂ ಸರಿ. ಆದರೆ ಈಕೆ ಮತ್ತೆ ಯಾಕೆ ಬಂದರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಉತ್ತರ ಹಲವು ಇರಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆಯ ಬೋಟುಗಳೆಲ್ಲ ದಡ ಸೇರಿರುತ್ತವೆ. ಹಸಿ ಮೀನು ಅಪರೂಪವಾದ ಆ ದಿನಗಳಲ್ಲಿ ಕುಚ್ಚಲಕ್ಕಿ ಗಂಜಿಗೆ ಒಣಮೀನು, ಇಲ್ಲವೇ ಉಪ್ಪಿನಕಾಯಿ. ಎರಡರಲ್ಲೂ ಇರುವ ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ಇದು ಒಂದು ಉತ್ತರ. ಇನ್ನೊಂದು: ನೀರಿನ ಮಾತ್ರೆ ತೆಗೆದುಕೊಂಡರೆ ಗಂಟೆಗೊಮ್ಮೆ ಏಳಬೇಕು. ಶೌಚಾಲಯ ಮನೆಯ ಹೊರಗೆ, ಸುರಿಯುವ ಮಳೆ, ಮೊಣಕಾಲು ನೋವು, ಜಾರಿ ಬೀಳುವ ಭಯ. ಹಾಗಾಗಿ ಮಾತ್ರೆಯನ್ನು ಅವರೇ ಬಿಟ್ಟಿರಬಹುದು. ಮೂರನೆಯದು, ಮಾತ್ರೆ ಮುಗಿದು ಪೇಟೆಗೆ ಹೋಗಿ ತರುವವರಿಲ್ಲದೆ ಹೋಗಿರಬಹುದು. 'ಉಪ್ಪು ಕಡಿಮೆ ಮಾಡಿ ಅಜ್ಜಿ' ಎಂಬ ಸಲಹೆ ಮೊದಲನೆಯ ಕಾರಣಕ್ಕೆ ಮಾತ್ರ ಔಷಧ, ಉಳಿದ ಎರಡಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ. ಎರಡನೆಯದೇ ನಿಜವಾದರೆ ಬೇಕಾದದ್ದು ಹಾಸಿಗೆಯ ಬದಿಗೆ ಒಂದು ಕಮೋಡ್ ಕುರ್ಚಿ ಮತ್ತು ಮಾತ್ರೆಯನ್ನು ಬೆಳಗ್ಗೆಯೇ ಕೊಡಬಹುದೇ ಎಂದು ಡಾಕ್ಟರನ್ನು ಕೇಳುವುದು. ಮೂರನೆಯದಾದರೆ ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನು. ಯಾವುದು ನಿಜ ಎಂದು ಕೇಳಿ, ನೋಡಿ, ಆಧಾರ ಸಹಿತ ನಿರ್ಧರಿಸುವುದೇ ನರ್ಸಿಂಗ್ ಡಯಾಗ್ನೋಸಿಸ್. ಅದು ಡಾಕ್ಟರ ಕೆಲಸದ ಮೇಲೆ ಕೈಹಾಕುವುದಲ್ಲ. ಯಾರೂ ಮಾಡದೆ ಬಿಟ್ಟರೆ ಹಾಗೆಯೇ ಉಳಿದುಹೋಗುವ ಕೆಲಸ ಅದು.

ವಾರ್ಡಿನವರು: ಇಷ್ಟನ್ನು ಒಳ್ಳೆಯ ದಾದಿಯರು ಹಿಂದಿನಿಂದಲೂ ಮಾಡುತ್ತ ಬಂದಿದ್ದಾರೆ. ಬಾಸೆಲ್ ಮಿಶನ್ನಿನ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ತೆರೆದಾಗ ಇಂಥ ಫಾರಂ ಇರಲಿಲ್ಲ, ಆದರೂ ಆರೈಕೆ ನಡೆಯಿತು. ಹೆಸರು, ವರ್ಗೀಕರಣ, ಕಾಲಂಗಳು ಆಮೇಲೆ ಅಮೆರಿಕದಿಂದ ಬಂದವು.

ಕಾಲೇಜಿನವರು: ಬಂದದ್ದು ಅಲ್ಲಿಂದಲೇ. ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದ 1953ರಲ್ಲಿ ಅಮೆರಿಕದ ಒಂದು ನರ್ಸಿಂಗ್ ಪತ್ರಿಕೆಯಲ್ಲಿ ಫ್ರೈ ಎಂಬ ಲೇಖಕಿ ನರ್ಸಿಂಗ್ ಡಯಾಗ್ನೋಸಿಸ್ ಎಂಬ ಪದವನ್ನು ಬಳಸಿದರು. ಇಪ್ಪತ್ತು ವರ್ಷ ಅದಕ್ಕೆ ಹೆಚ್ಚು ಬೆಲೆ ಸಿಗಲಿಲ್ಲ. 1967ರಲ್ಲಿ ಹೆಲೆನ್ ಯೂರಾ ಮತ್ತು ಮೇರಿ ವಾಲ್ಶ್ ಶುಶ್ರೂಷಾ ಪ್ರಕ್ರಿಯೆಯನ್ನು ಪುಸ್ತಕವಾಗಿ ಬರೆದಾಗಲೂ ಅದರಲ್ಲಿ ನಾಲ್ಕೇ ಹಂತ: ಪರಿಶೀಲನೆ, ಯೋಜನೆ, ಅನುಷ್ಠಾನ, ಮೌಲ್ಯಮಾಪನ. ಪರಿಶೀಲಿಸಿದ್ದರಿಂದ ಯೋಜನೆಗೆ ದಾಟುವಾಗ ನಡುವೆ ಒಂದು ತೀರ್ಮಾನ ಇರಲೇಬೇಕಲ್ಲ, ಆ ತೀರ್ಮಾನಕ್ಕೆ ಹೆಸರಿರಲಿಲ್ಲ. 1973ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕ್ರಿಸ್ಟೀನ್ ಗೆಬ್ಬಿ ಮತ್ತು ಮೇರಿ ಆ್ಯನ್ ಲಾವಿನ್ ಕರೆದ ಸಮ್ಮೇಳನದಲ್ಲಿ ಅದಕ್ಕೊಂದು ಪಟ್ಟಿ ಶುರುವಾಯಿತು, 1982ರಲ್ಲಿ ನಂದಾ ಎಂಬ ಸಂಸ್ಥೆಯೇ ಆಯಿತು. ಸಮಸ್ಯೆ, ಅದರ ಕಾರಣ, ಅದರ ಲಕ್ಷಣ ಎಂದು ಮೂರು ಭಾಗದಲ್ಲಿ ಬರೆಯುವ ಕ್ರಮವನ್ನು ಕೊಟ್ಟವರು ಮಾರ್ಜರಿ ಗಾರ್ಡನ್. ಈ ಇತಿಹಾಸದಲ್ಲಿ ನಾನು ಮುಖ್ಯವೆಂದುಕೊಳ್ಳುವುದು ಪಟ್ಟಿಯನ್ನಲ್ಲ, ಆ ಮೂರು ಭಾಗವನ್ನು. ಏಕೆಂದರೆ ಅದು ದಾದಿಯನ್ನು ಉತ್ತರದಾಯಿ ಮಾಡುತ್ತದೆ. 'ಆತಂಕ' ಎಂದು ಬರೆದರೆ ಸಾಲದು. ಯಾವುದರಿಂದ? ನಿಮಗೆ ಹೇಗೆ ಗೊತ್ತು? ಎಂಬ ಎರಡು ಪ್ರಶ್ನೆಗೆ ಅಲ್ಲೇ ಉತ್ತರ ಬರೆಯಬೇಕು. ಲೊಂಬಾರ್ಡ್ ಆಸ್ಪತ್ರೆಯ ಮೊದಲ ದಾದಿಯರೂ ಈ ಪ್ರಶ್ನೆಗಳನ್ನು ಮನಸ್ಸಿನಲ್ಲಿ ಕೇಳಿಕೊಂಡಿರಲೇಬೇಕು. ಆದರೆ ಮನಸ್ಸಿನಲ್ಲಿದ್ದದ್ದು ರಾತ್ರಿ ಪಾಳಿಯವರಿಗೆ ದಾಟುವುದಿಲ್ಲ.

ವಾರ್ಡಿನವರು: ಅನುಭವಿಗಳಿಗೆ ಅಷ್ಟು ಬಿಡಿಸಿ ಬರೆಯುವ ಅಗತ್ಯ ಬೀಳುವುದಿಲ್ಲ ಎಂಬುದು ನನ್ನ ವಾದ. ಇಪ್ಪತ್ತು ವರ್ಷ ವಾರ್ಡಿನಲ್ಲಿ ಕಳೆದ ಸಿಸ್ಟರ್ ಬಾಗಿಲಿನಲ್ಲಿ ನಿಂತೇ, ಆ ಮೂರನೇ ಹಾಸಿಗೆಯವರು ಯಾಕೋ ಸರಿಯಿಲ್ಲ ಎನ್ನುತ್ತಾರೆ. ಬಿ.ಪಿ. ಸರಿ ಇರುತ್ತದೆ, ನಾಡಿಯೂ ಸರಿ ಇರುತ್ತದೆ. ಎರಡು ಗಂಟೆ ಕಳೆದ ಮೇಲೆ ಅವರು ಹೇಳಿದ್ದೇ ನಿಜವಾಗುತ್ತದೆ. ಇದನ್ನು ಯಾವ ಕಾಲಂನಲ್ಲಿ ತುಂಬುತ್ತೀರಿ?

ಕಾಲೇಜಿನವರು: ಆ ಅರಿವನ್ನು ನಾನು ಅತ್ಯಂತ ಗೌರವದಿಂದ ನೋಡುತ್ತೇನೆ, ಸಂಶೋಧನೆಯೂ ಅದರ ಪರವಾಗಿಯೇ ಇದೆ. ಪೆಟ್ರೀಷಿಯಾ ಬೆನ್ನರ್ 1984ರ ತಮ್ಮ ಪುಸ್ತಕದಲ್ಲಿ ಹೊಸಬರಿಂದ ಪರಿಣತರವರೆಗಿನ ಐದು ಮೆಟ್ಟಿಲುಗಳನ್ನು ಗುರುತಿಸಿ, ಪರಿಣತರು ನಿಯಮ ಎಣಿಸದೆ ಇಡೀ ಸ್ಥಿತಿಯನ್ನು ಒಟ್ಟಿಗೆ ಗ್ರಹಿಸುತ್ತಾರೆಂದು ತೋರಿಸಿದರು. ನೆದರ್ಲೆಂಡ್ಸ್‌ನ ಸಂಶೋಧಕರು ದಾದಿಯ 'ಚಿಂತೆ'ಯನ್ನೇ ಅಧ್ಯಯನ ಮಾಡಿ ಅದರ ಹಿಂದೆ ಒಂಬತ್ತು ಸೂಚನೆಗಳಿರುವುದನ್ನು ಕಂಡುಕೊಂಡರು. ಉಸಿರಾಟದ ರೀತಿ ಬದಲಾದದ್ದು, ಚಡಪಡಿಕೆ, ಮಂಕುತನ, ರೋಗಿಯೇ ತನಗೆ ಸರಿಯಿಲ್ಲ ಎಂದದ್ದು, ಚೇತರಿಕೆ ನಿರೀಕ್ಷಿಸಿದ ದಾರಿಯಲ್ಲಿ ಸಾಗದಿರುವುದು ಇತ್ಯಾದಿ. ಬಿ.ಪಿ., ನಾಡಿಗಳ ಅಂಕಿ ಕೆಡುವ ಮೊದಲೇ ಈ ಚಿಂತೆ ಹುಟ್ಟಬಲ್ಲದು ಎಂದೂ ಅವರು ತೋರಿಸಿದ್ದಾರೆ. 2000ದಲ್ಲಿ ಷೆಫರ್ ಮತ್ತು ರೂಬನ್‌ಫೆಲ್ಡ್ ಹಲವು ದೇಶಗಳ ಶುಶ್ರೂಷಾ ತಜ್ಞರನ್ನು ಕೇಳಿ ವಿಮರ್ಶಾತ್ಮಕ ಚಿಂತನೆಯ ಲಕ್ಷಣಗಳ ಪಟ್ಟಿ ಮಾಡಿದಾಗ ಕುತೂಹಲ, ಛಲ, ಬೌದ್ಧಿಕ ಪ್ರಾಮಾಣಿಕತೆಗಳ ಸಾಲಿನಲ್ಲೇ ಒಳಅರಿವನ್ನೂ ಸೇರಿಸಿದರು. ಆದ್ದರಿಂದ ಒಳಅರಿವು ಒಂದು ಕಡೆ, ತರ್ಕ ಇನ್ನೊಂದು ಕಡೆ ಎಂದು ಹಂಚುವುದೇ ತಪ್ಪು. ಒಳಅರಿವು ಪ್ರಶ್ನೆಯನ್ನು ಎಬ್ಬಿಸುತ್ತದೆ, ಅಲ್ಲಿಂದ ಮುಂದೆ ಸಾಕ್ಷ್ಯ ಹುಡುಕಬೇಕು. ಹುಡುಕದಿದ್ದರೆ ಎರಡು ಅಪಾಯಗಳಿವೆ. ಒಂದು, 'ಯಾಕೋ ಸರಿಯಿಲ್ಲ' ಎಂಬ ಮಾತನ್ನು ನಡುರಾತ್ರಿಯಲ್ಲಿ ಫೋನಿನ ಆ ತುದಿಯಲ್ಲಿರುವ ಡಾಕ್ಟರು ಲೆಕ್ಕಕ್ಕೆ ತೆಗೆದುಕೊಳ್ಳದಿರಬಹುದು. ಎರಡನೆಯದು ಇನ್ನೂ ದೊಡ್ಡದು. ಅನುಭವವೂ ತಪ್ಪು ಮಾಡುತ್ತದೆ, ಮತ್ತು ಆ ತಪ್ಪಿನ ಜತೆ ಆತ್ಮವಿಶ್ವಾಸವೂ ಇರುತ್ತದೆ. ಆಪರೇಷನ್ನಾದ ರಾತ್ರಿ ಮುದುಕರೊಬ್ಬರು ಟ್ಯೂಬುಗಳನ್ನು ಕೀಳುತ್ತ ಗಲಾಟೆ ಮಾಡಿದರೆ ವಯಸ್ಸಾದವರು ಹಾಗೆಯೇ, ಭಯಕ್ಕೆ ಮಾಡುತ್ತಾರೆ ಎಂದು ತೀರ್ಮಾನಿಸಿ ಕೈ ಕಟ್ಟಿಹಾಕುವುದು ಸುಲಭ. ಆಮ್ಲಜನಕ ಕಡಿಮೆಯಾಗಿದೆಯೇ, ಸಕ್ಕರೆ ಇಳಿದಿದೆಯೇ, ಮೂತ್ರ ಕಟ್ಟಿ ಕಿಬ್ಬೊಟ್ಟೆ ಬಿಗಿದಿದೆಯೇ, ನೋವಿದೆಯೇ, ನಿತ್ಯ ಕುಡಿಯುವವರಾಗಿದ್ದು ಅದು ಒಮ್ಮೆಗೇ ನಿಂತಿದೆಯೇ ಎಂದು ನೋಡುವ ಮೊದಲು ಭಯ ಎಂಬ ಹೆಸರಿಡುವ ಹಕ್ಕು ಯಾರಿಗೂ ಇಲ್ಲ.

ವಾರ್ಡಿನವರು: ಹಾಗಾದರೆ ವಿಮರ್ಶಾತ್ಮಕ ಚಿಂತನೆ ಎಂದು ನೀವು ಪರೀಕ್ಷೆಯಲ್ಲಿ ಕೇಳುವುದು ನಿಜವಾಗಿ ಏನು? ವ್ಯಾಖ್ಯೆ ಬೇಡ, ನಮ್ಮ ವಾರ್ಡಿನ ಭಾಷೆಯಲ್ಲಿ ಹೇಳಿ.

ಕಾಲೇಜಿನವರು: ಇಲಿಜ್ವರದಿಂದ ಹೇಳುತ್ತೇನೆ. ಮಳೆಗಾಲದಲ್ಲಿ ಉಡುಪಿ, ಕಾಪು, ಕಾರ್ಕಳದ ಆಸ್ಪತ್ರೆಗಳಿಗೆ ಅದು ಹೊಸದಲ್ಲ. ಇಲಿಯ ಮೂತ್ರ ಬೆರೆತ ನೀರಿನಲ್ಲಿ, ಕೆಸರಿನಲ್ಲಿ ನಿಂತು ನಾಟಿ ಮಾಡುವವರ ಕಾಲಿನ ಗಾಯದಿಂದ ರೋಗಾಣು ಒಳಹೋಗುತ್ತದೆ. ಜ್ವರ, ಮೀನಖಂಡದ ನೋವು, ಕೆಂಪಾದ ಕಣ್ಣು. ಕಾರ್ಕಳದ ಕಡೆಯ ಗದ್ದೆ ಕೆಲಸದ ಅರವತ್ತು ಕಿಲೊ ತೂಕದ ಒಬ್ಬರು ದಾಖಲಾಗಿದ್ದಾರೆ, ಆಂಟಿಬಯೊಟಿಕ್ ಶುರುವಾಗಿದೆ, ಡ್ರಿಪ್ ಓಡುತ್ತಿದೆ ಎನ್ನೋಣ. ರಾತ್ರಿ ಪಾಳಿಯ ದಾದಿ ಲೆಕ್ಕ ಹಾಕುತ್ತಾರೆ: ಎಂಟು ಗಂಟೆಯಲ್ಲಿ ಆದ ಮೂತ್ರ 150 ಎಂ.ಎಲ್. ಕಿಲೊ ತೂಕಕ್ಕೆ ಗಂಟೆಗೆ ಅರ್ಧ ಎಂ.ಎಲ್. ಎಂಬ ಕನಿಷ್ಠ ಲೆಕ್ಕದಲ್ಲೂ 240 ಆಗಬೇಕಿತ್ತು. ಮೊದಲು ಹೊಳೆಯುವುದು, ಜ್ವರ ಮತ್ತು ವಾಂತಿಯಿಂದ ದೇಹದಲ್ಲಿ ನೀರಿನ ಕೊರತೆ. ನಾಲಿಗೆ ಒಣಗಿದೆ, ನಾಡಿ ಜೋರಾಗಿದೆ, ಆಧಾರವೂ ಇದ್ದಂತಿದೆ. ಪುಸ್ತಕದ ಕೇರ್ ಪ್ಲಾನ್ ಇಲ್ಲಿಗೆ ಮುಗಿದು 'ದ್ರವ ಹೆಚ್ಚಿಸಿ' ಎನ್ನುತ್ತದೆ. ಚಿಂತನೆ ಶುರುವಾಗಬೇಕಾದದ್ದು ಇಲ್ಲಿಂದ. ಮೂತ್ರ ಕಡಿಮೆಯಾಗಲು ಬೇರೆ ಯಾವ ಕಾರಣ ಇರಬಹುದು ಎಂದು ಆಕೆ ತನ್ನನ್ನೇ ಕೇಳಿಕೊಳ್ಳಬೇಕು. ಮೂತ್ರ ಆಗಿದ್ದೂ ಹೊರಬರದಿರಬಹುದು: ಕ್ಯಾತಿಟರ್ ಮಡಚಿದೆಯೇ, ಕಿಬ್ಬೊಟ್ಟೆ ಉಬ್ಬಿದೆಯೇ ಎಂದು ಕೈಯಿಟ್ಟು ನೋಡಲು ಎರಡು ನಿಮಿಷ ಸಾಕು. ಇಲ್ಲವೇ ಇಲಿಜ್ವರ ಮೂತ್ರಪಿಂಡವನ್ನೇ ಹಿಡಿದು ಮೂತ್ರ ಆಗುವುದೇ ನಿಂತಿರಬಹುದು. ಹಾಗಿದ್ದರೆ ಹಾಕಿದ ದ್ರವ ಹೊರಹೋಗದೆ ಶ್ವಾಸಕೋಶದಲ್ಲಿ ತುಂಬುತ್ತದೆ. ಮೊದಲನೆಯದರಲ್ಲಿ ಡ್ರಿಪ್ ಜೀವ ಉಳಿಸುತ್ತದೆ, ಕೊನೆಯದರಲ್ಲಿ ಅದೇ ಡ್ರಿಪ್ ಜೀವಕ್ಕೆ ಎರವಾಗಬಹುದು.

ಎರಡನ್ನೂ ಬೇರ್ಪಡಿಸುವ ಸಾಕ್ಷ್ಯ ಯಾವುದು? ನಿನ್ನೆಯ ತೂಕಕ್ಕೂ ಇವತ್ತಿನ ತೂಕಕ್ಕೂ ಇರುವ ವ್ಯತ್ಯಾಸ, ಚಪ್ಪಟೆ ಮಲಗಿದಾಗ ಆಗುವ ಕಷ್ಟ, ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪಿಗೆ ಕೇಳುವ ಸದ್ದು, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಪೂರ್ತಿ ನಿಮಿಷ ಎಣಿಸಿದ ಉಸಿರು. ಈ ಕೊನೆಯದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯೊಂದು 2008ರಲ್ಲಿ ಪ್ರಕಟಿಸಿದ ಲೇಖನ ಉಸಿರಾಟದ ಗತಿಯನ್ನು ಎಲ್ಲರೂ ಕಡೆಗಣಿಸಿದ ಜೀವಲಕ್ಷಣ ಎಂದು ಕರೆಯಿತು. ಬ್ರಿಟನ್ನಿನ ವೈದ್ಯರ ರಾಯಲ್ ಕಾಲೇಜು 2012ರಲ್ಲಿ ತಂದ ಎಚ್ಚರಿಕೆಯ ಅಂಕಪಟ್ಟಿಯಲ್ಲಿ ಉಸಿರು ನಿಮಿಷಕ್ಕೆ 25 ಮುಟ್ಟಿದರೆ ಅದೊಂದಕ್ಕೇ ಅತಿ ಹೆಚ್ಚಿನ 3 ಅಂಕ. ಆದರೂ ಎಷ್ಟೋ ಚಾರ್ಟುಗಳಲ್ಲಿ ಎಲ್ಲ ರೋಗಿಗಳೂ ಎಲ್ಲ ಹೊತ್ತಿನಲ್ಲೂ 20 ಸಲವೇ ಉಸಿರಾಡುತ್ತಾರೆ. ಇಲಿಜ್ವರದಲ್ಲಿ ಶ್ವಾಸಕೋಶದೊಳಗೆ ರಕ್ತಸ್ರಾವವಾಗುವ ಅಪಾಯವೂ ಇರುವುದರಿಂದ, ಎಣಿಸದೆ ಬರೆದ ಆ 20 ಒಂದು ಸುಳ್ಳು ಸಾಕ್ಷ್ಯ. ಅದರ ಮೇಲೆ ನಿಂತ ಪ್ರತಿಯೊಂದು ತೀರ್ಮಾನವೂ ಸುಳ್ಳಾಗುತ್ತದೆ. ಇನ್ನೂ ಒಂದು ಮಾತು. ಇಲಿಜ್ವರದಲ್ಲಿ ಮೂತ್ರದ ಪ್ರಮಾಣ ಇಳಿಯದೆಯೂ ಮೂತ್ರಪಿಂಡ ಕೆಡಬಹುದು. ಅಂದರೆ ಮೂತ್ರ ಸರಿಯಾಗಿ ಆಗುತ್ತಿದೆ, ಚಿಂತೆಯಿಲ್ಲ ಎಂಬುದೂ ಪರೀಕ್ಷೆಗೆ ಒಡ್ಡಬೇಕಾದ ತೀರ್ಮಾನವೇ. ರಕ್ತದ ಕ್ರಿಯಾಟಿನಿನ್ ವರದಿ ಬಂದಿದೆಯೇ ಎಂದು ಕೇಳುವುದೂ ದಾದಿಯ ಕೆಲಸವೇ. ಈಗ ಆಕೆ ಡಾಕ್ಟರಿಗೆ ಫೋನು ಮಾಡುವುದನ್ನು ಎರಡು ರೀತಿಯಲ್ಲಿ ಊಹಿಸಿ. 'ಸರ್, ಯೂರಿನ್ ಸ್ವಲ್ಪ ಕಮ್ಮಿ' ಎಂದರೆ ಇನ್ನೊಂದು ಬಾಟಲಿ ಹಾಕಿ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. 'ಎಂಟು ಗಂಟೆಯಲ್ಲಿ 150 ಎಂ.ಎಲ್., ಕ್ಯಾತಿಟರ್ ಸರಿ ಇದೆ, ಹೊಟ್ಟೆ ಉಬ್ಬಿಲ್ಲ, ಉಸಿರು 18ರಿಂದ 26ಕ್ಕೆ ಏರಿದೆ, ನಿನ್ನೆಗಿಂತ ಒಂದೂವರೆ ಕಿಲೊ ತೂಕ ಜಾಸ್ತಿ, ಡ್ರಿಪ್ ಇನ್ನೂ ಓಡುತ್ತಿದೆ, ನನಗೆ ಇದು ನೀರಿನ ಕೊರತೆಯಂತೆ ಕಾಣುತ್ತಿಲ್ಲ' ಎಂದರೆ ಡಾಕ್ಟರು ಎದ್ದು ಬರುತ್ತಾರೆ. ಡ್ರಿಪ್ ನಿಲ್ಲಿಸುವ ನಿರ್ಧಾರ ಅವರದೇ. ಆದರೆ ಅದಕ್ಕೆ ಬೇಕಾದ ಸಾಕ್ಷ್ಯವನ್ನು ಕಲೆಹಾಕಿ, ತೂಗಿ, ಹೊತ್ತಿಗೆ ಸರಿಯಾಗಿ ಮುಂದಿಟ್ಟದ್ದು ದಾದಿಯ ಬುದ್ಧಿ.

ವಾರ್ಡಿನವರು: ಇದನ್ನು ಕೇಳಿದರೆ ಯಾರಿಗೂ ಬೇಡ ಎನ್ನಿಸುವುದಿಲ್ಲ. ಆದರೆ ಇಂಥ ರಾತ್ರಿಯಲ್ಲಿ ಒಬ್ಬ ದಾದಿಯ ಕೈಕೆಳಗೆ ಎಷ್ಟು ಹಾಸಿಗೆಗಳಿರುತ್ತವೆ ಎಂಬುದನ್ನು ನೀವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಜ್ವರದ ಹಂಗಾಮಿನಲ್ಲಿ ಇಬ್ಬರು ನೋಡಬೇಕಾದಷ್ಟು ರೋಗಿಗಳನ್ನು ಒಬ್ಬರೇ ನೋಡುವಾಗ ಪ್ರತಿಯೊಬ್ಬರ ಉಸಿರನ್ನೂ ಪೂರ್ತಿ ನಿಮಿಷ ಎಣಿಸಿ, ಮೂರು ಕಾರಣ ಊಹಿಸಿ, ಒಂದೊಂದನ್ನೂ ಅಲ್ಲಗಳೆಯಿರಿ ಎನ್ನುವುದು ನ್ಯಾಯವೇ? ಸಿಬ್ಬಂದಿ ಕೊಡದೆ ಚಿಂತನೆ ಕೇಳುವುದು ಆಡಳಿತದವರಿಗೆ ಬಹಳ ಅನುಕೂಲದ ಬೋಧನೆ.

ಕಾಲೇಜಿನವರು: ಇದು ನಿಮ್ಮ ಆಕ್ಷೇಪಗಳಲ್ಲೆಲ್ಲ ತೂಕದ್ದು, ಇದಕ್ಕೆ ಅರ್ಧ ಉತ್ತರವಷ್ಟೇ ನನ್ನಲ್ಲಿದೆ. ಲಿಂಡಾ ಐಕೆನ್ ಮತ್ತು ಸಂಗಡಿಗರು ಯೂರೋಪಿನ 9 ದೇಶಗಳ 300 ಆಸ್ಪತ್ರೆಗಳ ನಾಲ್ಕು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಯ ರೋಗಿಗಳ ದಾಖಲೆ ನೋಡಿ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ದಾದಿಯೊಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಮೂವತ್ತು ದಿನಗಳೊಳಗಿನ ಸಾವಿನ ಸಂಭವ ಶೇ. 7ರಷ್ಟು ಏರುತ್ತದೆ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಇದೆ, ಅದನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಪದವಿ ಶಿಕ್ಷಣ ಪಡೆದ ದಾದಿಯರ ಪ್ರಮಾಣ ಶೇ. 10ರಷ್ಟು ಹೆಚ್ಚಿದ್ದಲ್ಲಿ ಆ ಸಂಭವ ಶೇ. 7ರಷ್ಟು ಕಡಿಮೆ. ಎರಡನ್ನೂ ಒಟ್ಟಿಗೆ ಓದಬೇಕು. ಕೈಗಳ ಸಂಖ್ಯೆಯೂ ಬೇಕು, ಕೈಯ ಹಿಂದಿನ ತಿಳಿವೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ನಿರಾಕರಿಸುವ ಆಡಳಿತ ರೋಗಿಗೆ ಅನ್ಯಾಯ ಮಾಡುತ್ತದೆ. ನನ್ನ ಅರ್ಧ ಉತ್ತರ ಏನೆಂದರೆ, ಈಗ ಇರುವ ಅಷ್ಟೇ ಸಮಯದಲ್ಲಿ ನಾವು ನಿರರ್ಥಕ ಬರವಣಿಗೆಗೆ ಸುರಿಯುತ್ತಿರುವ ಪಾಲು ದೊಡ್ಡದು. ಯಾರೂ ಓದದ ಆರು ಡಯಾಗ್ನೋಸಿಸ್ ನಕಲು ಮಾಡುವ ಹೊತ್ತಿನಲ್ಲಿ ನಿಜವಾಗಿ ಅಪಾಯದಲ್ಲಿರುವ ಇಬ್ಬರ ಉಸಿರು ಎಣಿಸಬಹುದು. ಎಲ್ಲರಿಗೂ ಎಲ್ಲವನ್ನೂ ಬರೆಯುವ ಬದಲು ಈ ಪಾಳಿಯಲ್ಲಿ ಯಾರು ಕೆಡಬಹುದು, ಯಾಕೆ ಎಂದು ಆರಿಸುವುದೂ ಒಂದು ಡಯಾಗ್ನೋಸಿಸ್ಸೇ.

ವಾರ್ಡಿನವರು: ನಂದಾ ಪಟ್ಟಿಯ ವಿಷಯಕ್ಕೂ ಉತ್ತರ ಕೊಡಿ. ಆ ಪಟ್ಟಿಯ ಭಾಷೆ ಇಲ್ಲಿಯದಲ್ಲ. ನಮ್ಮ ರೋಗಿಗಳು ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತಾಡುತ್ತಾರೆ. ದಾದಿಯರಲ್ಲಿ ಅನೇಕರು ಕೇರಳದವರು, ಈಶಾನ್ಯ ರಾಜ್ಯಗಳವರು. ನಡುವೆ ಸೊಸೆಯೋ ಮಗನೋ ಅನುವಾದಕ್ಕೆ ನಿಲ್ಲುತ್ತಾರೆ. ಅತ್ತೆ ಮಾತ್ರೆ ಬಿಟ್ಟದ್ದನ್ನು ಸೊಸೆಯ ಎದುರು ಹೇಳುತ್ತಾರೆಯೇ?

ಕಾಲೇಜಿನವರು: ಹೇಳುವುದಿಲ್ಲ. ಅದಕ್ಕೇ ಹೇಳಿಕೆಯನ್ನು ಯಾರ ಬಾಯಿಂದ ಕೇಳಿದೆ ಎಂಬುದೂ ಸಾಕ್ಷ್ಯದ ಭಾಗವಾಗಬೇಕು. 'ಮಾತ್ರೆ ತೆಗೆದುಕೊಳ್ಳುತ್ತಾರೆ' ಎಂದು ಬರೆಯುವುದಕ್ಕೂ 'ತೆಗೆದುಕೊಳ್ಳುತ್ತಾರೆಂದು ಸೊಸೆ ಹೇಳಿದರು, ರೋಗಿಯನ್ನು ಒಬ್ಬರೇ ಇದ್ದಾಗ ಕೇಳಿಲ್ಲ' ಎಂದು ಬರೆಯುವುದಕ್ಕೂ ಅಜಗಜಾಂತರ. ಎರಡನೆಯದರಲ್ಲಿ ಮುಂದಿನ ಪಾಳಿಯ ತುಳು ಬಲ್ಲ ದಾದಿಗೆ ಒಂದು ಕೆಲಸ ಸಿಕ್ಕಿತು. ಪಟ್ಟಿಯ ಮಟ್ಟಿಗೆ ನನಗೂ ಭಕ್ತಿಯಿಲ್ಲ. 2021ರ ಆವೃತ್ತಿಯಲ್ಲಿ 267 ಡಯಾಗ್ನೋಸಿಸ್ ಇದ್ದವು, ಆಮೇಲೆ 277 ಆದವು. ದೇಹದ ಶಕ್ತಿ ಕ್ಷೇತ್ರ ಏರುಪೇರಾಗಿದೆ ಎಂಬ, ಅಳೆಯುವ ದಾರಿಯೇ ಇಲ್ಲದ ಒಂದು ಹೆಸರೂ ಅದರೊಳಗೆ ಸೇರಿಕೊಂಡಿದೆ. ಅಲ್ಲಿಯ ವಿದ್ವಾಂಸರೇ ಅದನ್ನು ಟೀಕಿಸಿದ್ದಾರೆ. ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ಯಾವುದೂ ನಿಜವಾಗುವುದಿಲ್ಲ, ಪಟ್ಟಿಯಲ್ಲಿಲ್ಲ ಎಂಬ ಕಾರಣಕ್ಕೆ ಒಣಮೀನಿನ ಉಪ್ಪು ಸುಳ್ಳಾಗುವುದೂ ಇಲ್ಲ. ಸಮಸ್ಯೆ, ಕಾರಣ, ಲಕ್ಷಣ ಎಂಬ ಮೂರನ್ನು ಕನ್ನಡದಲ್ಲಿ ಬರೆಯಲು ಯಾವ ಸಂಸ್ಥೆಯ ಅನುಮತಿಯೂ ಬೇಡ.

ವಾರ್ಡಿನವರು: ಇದೆಲ್ಲದರಿಂದ ರೋಗಿಗೆ ಒಳಿತಾಗಿದೆ ಎಂಬುದಕ್ಕೆ ಪುರಾವೆ?

ಕಾಲೇಜಿನವರು: ಇರುವ ಪುರಾವೆಯ ಮಿತಿಯನ್ನೂ ಸೇರಿಸಿಯೇ ಹೇಳಬೇಕು. ಮರಿಯಾ ಮ್ಯುಲ್ಲರ್-ಸ್ಟೌಬ್ ಮತ್ತು ಸಂಗಡಿಗರು 2006ರಲ್ಲಿ ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ನರ್ಸಿಂಗ್ ಡಯಾಗ್ನೋಸಿಸ್ ಬಳಕೆಯಿಂದ ದಾಖಲೆಯ ಗುಣಮಟ್ಟ ಸುಧಾರಿಸಿದ್ದು ಕಂಡಿತು. ಆದರೆ ಕಾರಣ ಮತ್ತು ಲಕ್ಷಣಗಳನ್ನು ಬರೆಯದೆ ಬರೀ ಹೆಸರಿಟ್ಟು ಬಿಟ್ಟ ದೋಷವೂ ಎದ್ದು ಕಂಡಿತು. ನೀವು ಮೊದಲಿಗೆ ಹೇಳಿದ ಫೈಲುಗಳ ದೋಷವೇ ಅದು, ನಮ್ಮ ಊರಿಗೆ ಸೀಮಿತವಾದದ್ದಲ್ಲ. ಅದಾದ ಮೇಲೆ ಅವರು ಸ್ವಿಟ್ಜರ್ಲೆಂಡಿನ ಆಸ್ಪತ್ರೆಯೊಂದರ ವಾರ್ಡುಗಳಲ್ಲಿ ಪ್ರಯೋಗ ನಡೆಸಿ 2008ರಲ್ಲಿ ಪ್ರಕಟಿಸಿದರು. ಎರಡೂ ಗುಂಪಿನ ದಾದಿಯರಿಗೆ ನರ್ಸಿಂಗ್ ಡಯಾಗ್ನೋಸಿಸ್ ಬರೆಯುವ ಕ್ರಮ ಮೊದಲೇ ಗೊತ್ತಿತ್ತು. ಒಂದು ಗುಂಪಿನೊಂದಿಗೆ ಎಂದಿನ ಕೇಸ್ ಚರ್ಚೆ, ಇನ್ನೊಂದು ಗುಂಪಿನೊಂದಿಗೆ ನಿಜವಾದ ರೋಗಿಗಳನ್ನಿಟ್ಟುಕೊಂಡು ಆಧಾರ ಏನು, ಬೇರೆ ಏನಿರಬಹುದು ಎಂದು ಪ್ರಶ್ನಿಸುತ್ತ ಹೋಗುವ ಮಾರ್ಗದರ್ಶಿತ ಚಿಂತನೆ. ಎರಡನೆಯ ಗುಂಪಿನಲ್ಲಿ ಡಯಾಗ್ನೋಸಿಸ್ಸೂ, ಅದಕ್ಕೆ ಆರಿಸಿದ ಆರೈಕೆಯೂ, ದಾಖಲಾದ ಫಲಿತಾಂಶವೂ ಸ್ಪಷ್ಟವಾಗಿ ಉತ್ತಮಗೊಂಡವು. ಮೊದಲನೆಯದರಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ. ಅಳೆದದ್ದು ದಾಖಲೆಗಳ ಮೂಲಕ, ಸಾವು ಬದುಕಿನ ಲೆಕ್ಕದಿಂದಲ್ಲ. ಆ ಮಿತಿ ಇದ್ದೂ ಒಂದು ಮಾತು ಸಾಬೀತಾಗುತ್ತದೆ: ಹೆಸರುಗಳ ಪಟ್ಟಿ ಕಲಿಸಿದರೆ ಸಾಲದು, ಪ್ರಶ್ನಿಸುವ ಅಭ್ಯಾಸ ಕಲಿಸಿದಾಗಲೇ ಫಲ.

ನಮ್ಮ ದೇಶದ ಪಠ್ಯಕ್ರಮದಲ್ಲಿ ಇದಕ್ಕೆ ಜಾಗವಿಲ್ಲವೆಂದಲ್ಲ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯದಲ್ಲಿ ಶುಶ್ರೂಷಾ ಪ್ರಕ್ರಿಯೆಯ ಪಾಠ ಶುರುವಾಗುವುದೇ ವಿಮರ್ಶಾತ್ಮಕ ಚಿಂತನೆಯಿಂದ. ಪಠ್ಯ ಹಾಗಿದ್ದೂ ಪರೀಕ್ಷೆಯ ಅಂಕ ಮಾತ್ರ ಡಯಾಗ್ನೋಸಿಸ್‌ಗಳ ಸಂಖ್ಯೆಗೆ, ಪದಗಳ ಸರಿಯಾದ ಜೋಡಣೆಗೆ ಹೋಗುತ್ತದೆ. ಅಂಕ ಎಲ್ಲಿದೆಯೋ ವಿದ್ಯಾರ್ಥಿಗಳ ಮನಸ್ಸು ಅಲ್ಲೇ ಇರುತ್ತದೆ.

ವಾರ್ಡಿನವರು: ಹಾಗಾದರೆ ತಪ್ಪು ಎರಡೂ ಕಡೆ ಇದೆ ಎಂದು ಒಪ್ಪೋಣ. ಬೋಧಕರು ಫೈಲಿಗೆ ಸಹಿ ಹಾಕುವ ಮೊದಲು ಹಾಸಿಗೆಯ ಬಳಿಗೆ ಬಂದು, 'ಇದನ್ನು ನೀನು ಹೇಗೆ ತಿಳಿದೆ' ಎಂದು ವಿದ್ಯಾರ್ಥಿಯನ್ನು ರೋಗಿಯ ಮುಂದೆಯೇ ಕೇಳಲಿ. ನಾವು ವಾರ್ಡಿನವರು ಹ್ಯಾಂಡ್‌ಓವರ್ ಹೊತ್ತಿನಲ್ಲಿ ಔಷಧದ ಪಟ್ಟಿ ಓದಿ ಮುಗಿಸದೆ, ಯಾರ ಬಗ್ಗೆ ಅನುಮಾನವಿದೆ ಎಂಬುದನ್ನೂ ಹೇಳುವುದನ್ನು ರೂಢಿ ಮಾಡಿಕೊಳ್ಳುತ್ತೇವೆ. ಆದರೆ ಆ ಅನುಮಾನ ತಪ್ಪಾದಾಗ ಕಿರಿಯ ದಾದಿಯನ್ನು ಎಲ್ಲರೆದುರು ಬೈಯುವ ಪದ್ಧತಿ ಮೊದಲು ನಿಲ್ಲಬೇಕು. ಬೈಗುಳ ತಿಂದವರು ಮುಂದಿನ ಸಲ 20 ಎಂದೇ ಬರೆಯುತ್ತಾರೆ.

ಕಾಲೇಜಿನವರು: ಅದನ್ನು ನಾನು ಹೇಳಬೇಕಿತ್ತು, ನೀವು ಹೇಳಿದಿರಿ. ನನ್ನ ಕಡೆಯಿಂದ ಇಷ್ಟು ಕೋರಿಕೆ. ಪರೀಕ್ಷೆಯಲ್ಲಿ ಆರು ಡಯಾಗ್ನೋಸಿಸ್ ಕೇಳುವುದನ್ನು ಬಿಟ್ಟು ಒಂದನ್ನೇ ಕೇಳಿ. ಅದಕ್ಕೆ ಆಧಾರವೇನು, ಪರಿಗಣಿಸಿ ಕೈಬಿಟ್ಟ ಇನ್ನೆರಡು ಕಾರಣಗಳು ಯಾವುವು, ಏನು ಕಂಡರೆ ನಿನ್ನ ತೀರ್ಮಾನ ಬದಲಿಸುತ್ತೀ ಎಂಬುದಕ್ಕೆ ಅಂಕ ಕೊಡಿ. ಕೇರ್ ಪ್ಲಾನಿನ ಹಾಳೆಯನ್ನು ಅಚ್ಚು ಹಾಕಿಸುವ ಅಧಿಕಾರ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಯಾವ ಆಸ್ಪತ್ರೆಯಲ್ಲಿ ಯಾರ ಕೈಯಲ್ಲಿದೆಯೋ ಅವರು 'ಬೇರೆ ಏನಿರಬಹುದು?' ಎಂಬ ಒಂದು ಕಾಲಂ ಸೇರಿಸಿ, ಅದಕ್ಕೆ ಬದಲಾಗಿ ಯಾರೂ ಓದದ ಎರಡು ಕಾಲಂ ತೆಗೆದುಹಾಕಲಿ. ಇಲಿಜ್ವರದ ಹಂಗಾಮು ಪ್ರತಿ ವರ್ಷ ಜೂನ್‌ನಲ್ಲಿ ಶುರುವಾಗುತ್ತದೆ. ಹೊಸ ಹಾಳೆ ಅದಕ್ಕಿಂತ ಮೊದಲು ವಾರ್ಡಿಗೆ ಬರಲಿ.